ನೆರಳಪ್ಪನ ನೆರಳು

ನನ್ನ ಗಂಡನ ನೆರಳಿನ ಮೇಲೆ ನಾಲ್ಕು ಜನ ಆರಾಮವಾಗಿ ನಿಲ್ಲಬಹುದಿತ್ತು. ಜಂಬಕ್ಕೆ ಹೇಳುತ್ತಿಲ್ಲ, ಊರಿನವರು ನಿಂತು ನೋಡಿದ್ದಾರೆ. ಒಮ್ಮೆ ಯಾರದೋ ಎಮ್ಮೆ ಹಗ್ಗ ಹರಿದುಕೊಂಡು ಬಂದು ಅದರ ಮೇಲೇ ಹಾದುಹೋಯಿತು. ಆಗಲೂ ಒಂದು ಬಿರುಕು ಬಿಡಲಿಲ್ಲ. ಮನುಷ್ಯ ಮಾತ್ರ ಗಾಳಿ ಬಂದರೆ ಹಾರಿಹೋಗುವಷ್ಟು ಸಣಕಲು. ಟೈಲರ್ ಓಂಕಾರಪ್ಪ ಎಂದರೆ ಅಳತೆಯ ಕೋಲಿಗೆ ಅಂಗಿ ತೊಡಿಸಿದ ಹಾಗೆ ಎಂದು ನಾನೇ ರೇಗಿಸುತ್ತಿದ್ದೆ. ಅಂಥ ಮೈಯಿಂದ ಅಷ್ಟು ದಪ್ಪ ನೆರಳು ಹೇಗೆ ಬೀಳುತ್ತದೆ ಎಂದು ಮದುವೆಯಾದ ಹೊಸತರಲ್ಲಿ ಆಶ್ಚರ್ಯಪಟ್ಟಿದ್ದುಂಟು. ಆಮೇಲೆ ಅಭ್ಯಾಸವಾಯಿತು.

ನಮ್ಮೂರಲ್ಲಿ ಮಾಗಿ ಬಂತೆಂದರೆ ಬೆಳಗಿನ ನೆರಳುಗಳು ಹೆಪ್ಪುಗಟ್ಟುತ್ತವೆ. ಚಳಿಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲ, ಹಾಗೆ. ಎಳೆಬಿಸಿಲಿಗೆ ನೆರಳು ತಣ್ಣನೆಯ ನೆಲದ ಮೇಲೆ ಉದ್ದಕ್ಕೆ ಚಾಚಿಕೊಂಡಿತೋ ಇಲ್ಲವೋ, ನೋಡನೋಡುತ್ತಲೇ ಬಿಳಿಚಿಕೊಂಡು ಬಿಗಿದುಬಿಡುತ್ತದೆ. ಆಮೇಲೆ ಸೂರ್ಯ ಸರಿದರೂ ಅದು ಸರಿಯುವುದಿಲ್ಲ, ಕಾಲನ್ನೂ ಬಿಡುವುದಿಲ್ಲ. ಮಕ್ಕಳ ನೆರಳು ಕಟ್ಟುವುದೇ ಇಲ್ಲ, ಅವರು ಹೊತ್ತು ಮೂಡುವಾಗಲೇ ಬೀದಿ ತುಂಬ ಓಡಾಡುತ್ತಾರೆ. ಬಹಳ ಜನರದು ಹಾಲಿನ ಕೆನೆಯಷ್ಟು ಕಟ್ಟುತ್ತದೆ, ಕಾಲು ಜಾಡಿಸಿದರೆ ಹರಿಯುತ್ತದೆ. ಕೆಲವರದು ರೊಟ್ಟಿಯಷ್ಟು. ಅಂಥವರ ಮನೆಯ ಹೆಂಗಸರು ಬಸ್ಸಿಗೆ ಹೋಗುವಾಗ ಸೆರಗಿನಡಿ ಬಿಸಿನೀರಿನ ಚೊಂಬು ಹಿಡಿದು ಹೋಗುತ್ತಾರೆ, ಕಾಲಿಗೆ ಹುಯ್ದು ಬಿಡಿಸಿಕೊಳ್ಳುವುದಕ್ಕೆ. ಇನ್ನು ಮಣೆಯಷ್ಟು ದಪ್ಪ ಕಟ್ಟುವವರು ಬಿಸಿಲು ಏರುವ ತನಕ ಹೊಸ್ತಿಲು ದಾಟುವುದಿಲ್ಲ. ಹಾಗೆ ಮನೆಯೊಳಗೆ ಕೂತಿರುವುದೇ ದೊಡ್ಡಸ್ತಿಕೆ. ಹಿರಿಯರ ನೆರಳು ಬೇಕು, ತಲೆಯ ಮೇಲೆ ನೆರಳಿರಬೇಕು ಎಂದು ಎಲ್ಲ ಊರಿನವರೂ ಅನ್ನುತ್ತಾರೆ. ನಮ್ಮೂರಲ್ಲಿ ಆ ಮಾತನ್ನು ಕೈಯಿಂದ ಮುಟ್ಟಿ ನೋಡಬಹುದಾದ್ದರಿಂದ ನಮ್ಮವರು ಅದನ್ನು ಸ್ವಲ್ಪ ಹೆಚ್ಚಾಗಿಯೇ ನಂಬಿದರು.

ಊರಿನ ವ್ಯಾಜ್ಯಗಳು ತೀರ್ಮಾನವಾಗುವುದು ಕೂಡ ನೆರಳಿನ ಮೇಲೆಯೇ. ಹಳೆಯ ಸುಂಕದ ಮನೆಯ ಮುಂದೆ ಕಲ್ಲು ಹಾಸಿದ ಅಂಗಳವಿದೆ. ಊರಿಗೆಲ್ಲ ದಪ್ಪ ನೆರಳಿನವನು ಅಲ್ಲಿ ಪೂರ್ವಕ್ಕೆ ಬೆನ್ನು ಮಾಡಿ ನಿಲ್ಲುತ್ತಾನೆ. ಅವನಿಗೆ ನೆರಳಪ್ಪ ಎನ್ನುತ್ತಾರೆ. ನೆರಳು ಬಿಗಿದ ಮೇಲೆ ಎರಡೂ ಕಡೆಯವರು ಚಪ್ಪಲಿ ಬಿಟ್ಟು ಅದರ ಮೇಲೆ ನಿಂತು ಮಾತಾಡಬೇಕು. ನೆರಳಪ್ಪನಿಗೆ ಕಾನೂನು ಗೊತ್ತಿರಬೇಕೆಂದಿಲ್ಲ. ಕೇಳಿಸಿಕೊಂಡು ಕೊನೆಗೊಂದು ಮಾತು ಹೇಳಿದರೆ ಆಯಿತು. ಇನ್ನೊಬ್ಬರ ನೆರಳಿನ ಮೇಲೆ ಬರಿಗಾಲಲ್ಲಿ ನಿಂತು ಸುಳ್ಳು ಹೇಳಲು ನಮ್ಮವರಿಗೆ ನಾಲಿಗೆ ಏಳುವುದಿಲ್ಲ. ಎಲ್ಲ ಮುಗಿದ ಮೇಲೆ ನೆರಳಪ್ಪನ ಹೆಂಡತಿ ಬಿಸಿನೀರು ಹುಯ್ದು ಅವನ ಪಾದ ಬಿಡಿಸುತ್ತಾಳೆ. ಮಾತು ಮುಗಿಯುವ ಮೊದಲೇ ನೀರು ಬಿದ್ದರೆ ಅಥವಾ ನೆರಳು ಒಡೆದರೆ ಆ ವ್ಯಾಜ್ಯ ಮುಂದಿನ ಮಾಗಿಗೆ ಹೋಯಿತೆಂದೇ ಅರ್ಥ. ಹಾಗಾಗಿ "ಮಾಗಿ ಬರ್ಲಿ, ನೋಡ್ಕಂತೀನಿ" ಎನ್ನುವುದೇ ನಮ್ಮೂರಿನಲ್ಲಿ ದೊಡ್ಡ ಬೆದರಿಕೆ.

ನಮ್ಮ ಮಾವ ನೆರಳಪ್ಪನಾಗಿದ್ದರು. ಇಬ್ಬರು ಅಣ್ಣತಮ್ಮಂದಿರು ಗೋಡೆಯೊಂದರ ವಿಷಯಕ್ಕೆ ಅವರ ನೆರಳಿನ ಮೇಲೆ ನಿಂತು ಕಿತ್ತಾಡುತ್ತಿದ್ದಾಗ ಎದೆ ಹಿಡಿದುಕೊಂಡು ಅಲ್ಲೇ ಕುಸಿದರು. ತಲೆಕೂದಲು ಇನ್ನೂ ಕಪ್ಪಗಿತ್ತು. ಆಮೇಲೆ ನಮ್ಮ ಭಾವ ಹಾಲಪ್ಪ ನೆರಳಪ್ಪನಾದರು. ಅವರು ಇನ್ನೂ ಚಿಕ್ಕ ವಯಸ್ಸಿಗೇ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಇನ್ನೊಂದನ್ನು ಎತ್ತಲಿಲ್ಲ. ಊರು ಎರಡು ಸಲವೂ ಒಂದೇ ಮಾತು ಆಡಿತು. ಊರಿನ ಜಗಳದ ಭಾರವನ್ನೆಲ್ಲ ನೆರಳ ಮೇಲೆ ಹೊತ್ತರು, ಎದೆ ತಡೆಯಲಿಲ್ಲ ಎಂದರು. ಆ ಮಾತಿನಲ್ಲಿ ಎಷ್ಟು ಗೌರವವಿತ್ತೆಂದರೆ ಅಳುತ್ತಿದ್ದ ನಮಗೂ ಎದೆ ಉಬ್ಬುತ್ತಿತ್ತು. ಮೂರನೆಯವರಾಗಿ ನನ್ನ ಗಂಡ ಆ ಅಂಗಳದಲ್ಲಿ ನಿಂತಾಗ, ಅಪ್ಪ ಅಣ್ಣ ಹೋದ ದಾರಿಯಲ್ಲೇ ತಾವೂ ಹೋಗುವುದು ಎಂದು ಅವರು ಒಳಗೊಳಗೇ ತೀರ್ಮಾನಿಸಿದ್ದರು. ಹೊಲಿಗೆ ಯಂತ್ರದ ಮುಂದೆ ಕೂತಾಗಲೂ ಅವರ ಮುಖದಲ್ಲಿ ಒಂದು ತ್ಯಾಗದ ಕಳೆ ಇರುತ್ತಿತ್ತು. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ನನ್ನ ಕಣ್ಣು ತೆರೆಸಿದ್ದು ನಾದಿನಿ ಗಂಗಿಯ ಸಾವು. ಗಂಗಿ ನನ್ನ ಗಂಡನ ತಂಗಿ, ಪಕ್ಕದ ಕೇರಿಗೆ ಕೊಟ್ಟಿದ್ದರು. ಅವಳೂ ಅಣ್ಣನ ಹಾಗೆಯೇ ಸಣಕಲು, ಅಣ್ಣನ ಹಾಗೆಯೇ ದಪ್ಪ ನೆರಳು. ಆದರೆ ಹೆಂಗಸು ನೆರಳಪ್ಪನಾಗುವ ಪದ್ಧತಿ ಇಲ್ಲದ್ದರಿಂದ ಅವಳ ನೆರಳು ಅವಳ ಹಿತ್ತಲಿನಲ್ಲೇ ಕಟ್ಟಿ ಅಲ್ಲೇ ಕರಗುತ್ತಿತ್ತು. ಒಂದು ಮಧ್ಯಾಹ್ನ ಹಪ್ಪಳ ಒಣಗಿಸುತ್ತಿದ್ದವಳು ದವಡೆ ನೋವು ಎಂದಳಂತೆ, ಹಲ್ಲಿನದಿರಬೇಕೆಂದು ಲವಂಗ ಕಚ್ಚಿಕೊಂಡಳಂತೆ. ನಾವು ಹೋಗುವಷ್ಟರಲ್ಲಿ ಮುಗಿದಿತ್ತು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ ಒಂದೇ ಯೋಚನೆ ಬಂತು. ಇವಳ ನೆರಳ ಮೇಲೆ ಯಾರು ನಿಂತಿದ್ದರು? ಇವಳು ಯಾರ ಜಗಳದ ಭಾರ ಹೊತ್ತಿದ್ದಳು? ಯಾರದೂ ಇಲ್ಲ. ಹಾಗಾದರೆ ಇವರನ್ನೆಲ್ಲ ಕೊಲ್ಲುತ್ತಿರುವುದು ಊರಿನ ಭಾರವಲ್ಲ, ನೆರಳಿನ ದಪ್ಪವೇ.

ತಿಥಿ ಮುಗಿದ ಮೇಲೆ ಗಂಡನನ್ನು ಎಳೆದುಕೊಂಡು ಫೆಲ್ಸಿ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಸಮುದ್ರದ ಕಡೆಯವರು, ನಮ್ಮೂರಿಗೆ ಬಂದು ಆಸ್ಪತ್ರೆ ತೆರೆದು ಕೆಲವು ವರ್ಷವಾಗಿತ್ತು. ನೆರಳಿನ ಬಗ್ಗೆ ಆಕೆ ಒಂದು ಮಾತೂ ಆಡಲಿಲ್ಲ. ಇವರ ಕಣ್ಣಿನ ರೆಪ್ಪೆಯ ಮೂಲೆಯಲ್ಲಿದ್ದ ಹಳದಿ ಮಚ್ಚೆಗಳನ್ನು ಬೆರಳಿನಿಂದ ಒತ್ತಿ ನೋಡಿದರು. ನಮ್ಮಲ್ಲಿ ಅದಕ್ಕೆ ಅರಿಶಿನ ಮಚ್ಚೆ ಎನ್ನುತ್ತಾರೆ, ಅದೃಷ್ಟವೆಂದು ಲೆಕ್ಕ. ಮಾವನಿಗೂ ಭಾವನಿಗೂ ಗಂಗಿಗೂ ಇತ್ತು. ಆಕೆ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಬಾಗಿಲು ಹಾಕಿಕೊಂಡು ಹೇಳಿದರು. "ನೋಡಿ ದೇವೀರಮ್ಮ, ಇವರ ರಕ್ತದಲ್ಲಿ ಕೊಬ್ಬು ಇರಬೇಕಾದದ್ದಕ್ಕಿಂತ ಬಹಳ ಜಾಸ್ತಿ ಉಂಟು. ತಿಂದದ್ದರಿಂದ ಮಾತ್ರ ಅಲ್ಲ. ಹುಟ್ಟುವಾಗಲೇ ತಂದದ್ದು. ಇವರ ಪಿತ್ತಜನಕಾಂಗಕ್ಕೆ, ಅಂದರೆ ಲಿವರಿಗೆ, ಅದನ್ನು ರಕ್ತದಿಂದ ಹಿಂದಕ್ಕೆ ಎಳೆದುಕೊಳ್ಳಲಿಕ್ಕೆ ಸರಿಯಾಗಿ ಬರುವುದಿಲ್ಲ. ಇಷ್ಟೂ ವರ್ಷದಿಂದ ಅದು ಹೃದಯದ ನಾಳದ ಗೋಡೆಯಲ್ಲಿ ಕೂರುತ್ತಾ ಬಂದಿದೆ."

"ಸಣ್ಣಗಿದಾರಲ್ಲ ಡಾಕ್ಟ್ರೇ" ಎಂದೆ. "ಸಣ್ಣಗಿದ್ದವರಿಗೂ ಬರ್ತದೆ" ಎಂದರು. "ಈಗ ಇಳಿಸಿದ್ರೆ ಕೂತಿದ್ದು ಹೋಗ್ತದಾ?" ಎಂದು ಕೇಳಿದೆ. ಆಕೆ ಸುಳ್ಳು ಸಮಾಧಾನ ಹೇಳುವ ಪೈಕಿಯವರಲ್ಲ. "ಕೂತದ್ದು ಪೂರಾ ಹೋಗುವುದಿಲ್ಲ. ಆದರೆ ಇಳಿದ ದಿನದಿಂದ ಹೊಸದು ಕೂರುವುದು ಕಮ್ಮಿ ಆಗ್ತದೆ, ಹಳೆಯದು ಒಡೆಯುವ ಭಯವೂ ಕಮ್ಮಿ ಆಗ್ತದೆ. ಎಷ್ಟು ಇಳೀತು ಅನ್ನುವುದರಷ್ಟೇ ಮುಖ್ಯ, ಎಷ್ಟು ವರ್ಷ ಇಳಿದೇ ಇತ್ತು ಅನ್ನುವುದು. ಒಮ್ಮೆ ಇಳಿಸಿ, ಒಮ್ಮೆ ಏರಿಸಿ ಆಟ ಆಡುವ ವಿಷಯ ಅಲ್ಲ ಇದು" ಎಂದು ಮಾತ್ರೆಯ ಚೀಟಿ ಬರೆದುಕೊಟ್ಟರು.

ಮನೆಗೆ ಬಂದು ಇವರು ಚೀಟಿಯನ್ನು ಸೂಜಿಪೆಟ್ಟಿಗೆಯ ಕೆಳಗೆ ಹಾಕಿ ಕೂತರು. "ಕೊಬ್ಬು ಇಳಿದ್ರೆ ನೆರಳು ತೆಳ್ಳಗಾಗ್ತತಿ. ನೆರಳು ತೆಳ್ಳಗಾದ್ರೆ ನಾನು ಯಾರು ದೇವೀರಿ? ಬರೀ ಟೈಲರ್ ಓಂಕಾರಿ" ಎಂದರು. "ಟೈಲರ್ ಓಂಕಾರಿನೇ ನಂಗೆ ಸಾಕು. ನಾನು ಮದುವೆ ಆಗಿದ್ದು ಅವನ್ನ" ಎಂದೆ. ಅವರು ಚೀಟಿ ಮುಟ್ಟಲಿಲ್ಲ. ಕೊನೆಗೆ ನನ್ನ ಕೈಯಲ್ಲಿದ್ದ ಒಂದೇ ಅಸ್ತ್ರ ಬಿಟ್ಟೆ. "ಮಾತ್ರೆ ನುಂಗದಿದ್ರೆ ಈ ಮಾಗಿಯಾಗೆ ನಾನು ಬಿಸಿನೀರು ಹುಯ್ಯಕ್ಕೆ ಬರಲ್ಲ. ಅಲ್ಲೇ ನಿಂತಿರ್ರಿ ಮಧ್ಯಾಹ್ನದವರೆಗೆ, ಕಾಗೆ ಓಡಿಸ್ಕೊಂಡು." ಅವರಿಗೆ ನಗು ಬಂತು. ಅಂಗಡಿಯಿಂದ ಮಾತ್ರೆ ತಂದುಕೊಟ್ಟೆ, ನಗುತ್ತಲೇ ನುಂಗಿದರು.

ಅದು ಬೇಸಗೆಯ ಆರಂಭ. ಬೇಸಗೆಯಲ್ಲೂ ಮಳೆಗಾಲದಲ್ಲೂ ನಮ್ಮೂರಿನ ನೆರಳುಗಳು ಎಲ್ಲ ಊರಿನ ನೆರಳುಗಳ ಹಾಗೆಯೇ ನೆಲದ ಮೇಲೆ ಹಗುರವಾಗಿ ಓಡಾಡುತ್ತವೆ. ಯಾರ ರಕ್ತದಲ್ಲಿ ಏನಾಗುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ದಿನಾ ರಾತ್ರಿ ಊಟವಾದ ಮೇಲೆ ಇವರು ಮಾತ್ರೆ ನುಂಗುವುದನ್ನು ನಿಂತು ನೋಡಿ ಪಾತ್ರೆ ತೊಳೆಯಲು ಹೋಗುತ್ತಿದ್ದೆ. ಬೆಣ್ಣೆ ಕಾಯಿಸುವುದನ್ನು ಬಿಟ್ಟೆ. ಸಂತೆಯಿಂದ ಕುರಿ ತಲೆ ತರುವುದನ್ನು ನಿಲ್ಲಿಸಿದೆ. ಸಾರಿಗೆ ಒಗ್ಗರಣೆ ಹಾಕುವಾಗ ಕೈ ತಡೆದು ತಡೆದು ಎಣ್ಣೆ ಬಿಡುತ್ತಿದ್ದೆ, ನನ್ನ ಅಡುಗೆ ನನಗೇ ಸೇರದಷ್ಟು ಸಪ್ಪೆಯಾಯಿತು. ಬೆಳಗ್ಗೆ ಅಂಗಡಿಗೆ ಹೋಗುವ ಮೊದಲು ಕೆರೆಯ ಏರಿಯವರೆಗೆ ನಡೆದು ಬನ್ನಿ ಎಂದು ಅಟ್ಟುತ್ತಿದ್ದೆ. ಅವರು ಬೈದುಕೊಂಡೇ ನಡೆದರು. ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರಮ್ಮ ಮತ್ತೆ ರಕ್ತ ತೆಗೆದು ನೋಡಿ ಅರ್ಧಕ್ಕಿಂತ ಕೆಳಗೆ ಬಂದಿದೆ ಎಂದರು. ಆ ದಿನ ನಾನು ಆಸ್ಪತ್ರೆಯಿಂದ ಬರುವಾಗ ಮೊಳ ಮಲ್ಲಿಗೆ ತಂದು ಮುಡಿದುಕೊಂಡೆ.

ಮಾಗಿಯ ಮೊದಲ ಬೆಳಗ್ಗೆ ಇಬ್ಬರೂ ಹಿತ್ತಲಿಗೆ ಹೋದೆವು. ಅವರು ಬೆನ್ನಿಗೆ ಬಿಸಿಲು ಕೊಟ್ಟು ನಿಂತರು. ನೆರಳು ಬಟ್ಟೆ ಒಗೆಯುವ ಕಲ್ಲಿನವರೆಗೆ ಚಾಚಿ ಬಿಳಿಯಾಗತೊಡಗಿತು. ಕಟ್ಟಿತು ಅನ್ನಿಸಿದ ಮೇಲೆ ನಾನು ದೋಸೆ ಎತ್ತುವ ಸಟ್ಟುಗ ತಂದು ತಲೆಯ ಭಾಗದ ಅಂಚಿಗೆ ಮೆಲ್ಲಗೆ ತೂರಿಸಿ ಎತ್ತಿದೆ. ಹಿಂದೆಲ್ಲ ಹಾಗೆ ಎತ್ತಲು ಗುದ್ದಲಿಯೇ ಬೇಕಿತ್ತು. ಈಗ ಅದು ಸಟ್ಟುಗದ ಮೇಲೆ ರೊಟ್ಟಿಯ ಹಾಗೆ ಬಳುಕಿತು. ನನಗೆ ಖುಷಿ ತಡೆಯಲಿಲ್ಲ. "ರೀ, ನೋಡ್ರೀ ಇಲ್ಲಿ!" ಎಂದು ತಲೆಯೆತ್ತಿದರೆ ಅವರು ಅಳುತ್ತಿದ್ದರು. ಶಬ್ದವಿರಲಿಲ್ಲ, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಇದು ನಮ್ಮಪ್ಪನ ನೆರಳಲ್ಲ ಕಣೇ" ಎಂದರು. ಆ ಕ್ಷಣಕ್ಕೆ ಅವರ ಮೇಲೆ ಕೋಪವೂ ಬಂತು, ಅಯ್ಯೋ ಅನ್ನಿಸಿತು ಕೂಡ. ಒಳಗೆ ಹೋಗಿ ಸಟ್ಟುಗ ತೊಳೆದಿಟ್ಟೆ.

ಆ ಸಲದ ಮಾಗಿಗೆ ಒಂದೇ ದೊಡ್ಡ ವ್ಯಾಜ್ಯವಿತ್ತು. ಮೇಲಿನ ಕೇರಿಯ ತಿಪ್ಪಕ್ಕನ ಮಗ ಲಾರಿ ಅಪಘಾತದಲ್ಲಿ ಹೋಗಿದ್ದ. ಅವನ ಹೆಂಡತಿ ರತ್ನವ್ವ ತನ್ನ ಎರಡು ವರ್ಷದ ಮಗಳನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ ಎಂದಳು. ತಿಪ್ಪಕ್ಕ ಮೊಮ್ಮಗಳನ್ನು ಬಿಡಲಾರೆ ಎಂದಳು. ಇಬ್ಬರೂ ಕೆಟ್ಟವರಲ್ಲ. ಇಬ್ಬರಿಗೂ ಸತ್ತವನ ಮುಖ ಆ ಮಗುವಿನಲ್ಲೇ ಉಳಿದಿತ್ತು. ನೆರಳಪ್ಪ ಹೇಳಿದ ಹಾಗೆ ಕೇಳುತ್ತೇವೆ ಎಂದು ಇಬ್ಬರೂ ಒಪ್ಪಿ ಮಾಗಿಯವರೆಗೆ ಕಾದಿದ್ದರು. ದಿನ ಗೊತ್ತುಮಾಡಲು ಊರಿನ ಹಿರಿಯ ಬೆನಕಪ್ಪ ನಮ್ಮ ಮನೆಗೆ ಬಂದಾಗ, ಈ ಸಲ ಬೇರೆ ಯಾರನ್ನಾದರೂ ನಿಲ್ಲಿಸಿ ಎಂದು ನಾನೇ ಹೇಳಿದೆ. ಬೆನಕಪ್ಪ ನನ್ನತ್ತ ನೋಡದೆ ಇವರನ್ನು ಕೇಳಿದ. "ಏನಪ್ಪಾ, ನೆರಳು ಇಳಿದೈತಿ ಅಂತ ಸುದ್ದಿ ಐತಲ್ಲ, ಹೌದೇನು?" ಇವರು ಬಗ್ಗಿ ಬಟ್ಟೆಗೆ ಸೀಮೆಸುಣ್ಣ ಎಳೆಯುತ್ತಲೇ "ಯಾವನೋ ಹೇಳ್ತಾನೆ. ಬರ್ತೀನಿ ಹೋಗು" ಎಂದರು.

ಅಂದಿನಿಂದ ಇವರು ಬದಲಾದರು. ರಾತ್ರಿ ನಾನು ನೋಡುತ್ತಿರುವಾಗ ಮಾತ್ರೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಸರಿ. ಆದರೆ ಮಧ್ಯಾಹ್ನದ ಬುತ್ತಿ ತಿನ್ನದೆ ಹಾಗೇ ವಾಪಸ್ಸು ಬರತೊಡಗಿತು. ಅಂಗಡಿಯ ಪಕ್ಕದ ಹೋಟೆಲಿನಲ್ಲಿ ಬೆಣ್ಣೆ ದೋಸೆ ಫೇಮಸ್ಸು. ನನಗೆ ಅನುಮಾನ ಬಂದರೂ ಕೇಳಲಿಲ್ಲ, ಬೆಳಗ್ಗೆ ಹಿತ್ತಲಿಗೆ ಕರೆದು ನಿಲ್ಲಿಸಿದೆ. ಸಟ್ಟುಗ ಅಂಚಿನೊಳಗೆ ಹೋಗಲಿಲ್ಲ. ನೆರಳು ಮತ್ತೆ ದಪ್ಪವಾಗುತ್ತಿತ್ತು. "ಮಾತ್ರೆ ಎಲ್ಲಿ ಉಗೀತೀರಿ?" ಎಂದೆ. ಅವರು ತಪ್ಪಿಸಿಕೊಳ್ಳಲಿಲ್ಲ. "ಬಚ್ಚಲಿಗೆ" ಎಂದರು. "ಇದೊಂದು ಮಾಗಿ ದೇವೀರಿ. ಆ ಕೂಸಿನದು ಒಂದು ನೆಲೆ ಕಾಣಿಸಿಬಿಡ್ತೀನಿ. ನೆರಳು ಒಡೆದ್ರೆ ಇನ್ನೊಂದು ವರ್ಷ ಆ ಇಬ್ಬರು ಹೆಂಗಸರು ಕೂಸನ್ನ ಆ ಕಡೆ ಈ ಕಡೆ ಎಳೀತಾರೆ. ಆಮೇಲೆ ನುಂಗ್ತೀನಿ, ನೀನು ಹೇಳಿದಷ್ಟು ನುಂಗ್ತೀನಿ."

ಬೇರೆ ಏನಾದರೂ ಕಾರಣ ಹೇಳಿದ್ದರೆ ಜಗಳವಾಡಬಹುದಿತ್ತು. ಮಗುವಿನ ಹೆಸರು ಹೇಳಿ ನನ್ನ ಬಾಯಿ ಕಟ್ಟಿದರು. ನಮಗೆ ಮಕ್ಕಳಾಗಲಿಲ್ಲ. ಆ ಕೂಸು ನಮ್ಮ ಅಂಗಡಿಗೆ ಬಂದು ಚೂರು ಬಟ್ಟೆ ಆರಿಸಿಕೊಂಡು ಹೋಗುತ್ತಿತ್ತು. ನಾನು ಡಾಕ್ಟರಮ್ಮನ ಹತ್ತಿರ ಓಡಿದೆ. ಒಂದು ಮಾಗಿ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದೆ. "ಏನೂ ಆಗದೆ ಇರಲೂಬಹುದು ದೇವೀರಮ್ಮ. ಆಗಲೂಬಹುದು. ಯಾರಿಗೆ ಯಾವಾಗ ಅಂತ ಹೇಳುವ ವಿದ್ಯೆ ನನ್ನ ಹತ್ತಿರ ಇಲ್ಲ. ಇಳಿದದ್ದನ್ನು ಮತ್ತೆ ಏರಿಸಿದರೆ ಅಪಾಯವೂ ಮತ್ತೆ ಏರ್ತದೆ, ಅಷ್ಟು ಮಾತ್ರ ಗೊತ್ತು. ಕರ್ಕೊಂಡು ಬನ್ನಿ, ನಾನೇ ಮಾತಾಡ್ತೇನೆ" ಎಂದರು. ಇವರು ಹೋಗಲಿಲ್ಲ.

ವ್ಯಾಜ್ಯದ ದಿನ ಚಳಿ ಹಲ್ಲು ಕಡಿಸುವಷ್ಟಿತ್ತು. ಊರಿಗೆ ಊರೇ ಅಂಗಳದ ಸುತ್ತ ಸೇರಿತ್ತು. ಅಂಗಳದ ಕಲ್ಲಿನ ಮೇಲೆ ನಾವು ನಿಂತ ನಿಂತಲ್ಲೇ ನೆರಳುಗಳು ಕಟ್ಟಿದವು. ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಿಳಿ ಪಂಚೆ ಉಟ್ಟು ಪೂರ್ವಕ್ಕೆ ಬೆನ್ನು ಮಾಡಿ ನಿಂತರು. ಬೆನಕಪ್ಪ ಬಗ್ಗಿ ನೆರಳನ್ನು ಬೆರಳ ಗಿಣ್ಣಿನಿಂದ ತಟ್ಟಿದ. ಟಕ್ ಟಕ್ ಎಂಬ ಗಟ್ಟಿ ಸದ್ದು ಬಂತು. ಅವನು ತಲೆದೂಗಿದ. ಇವರ ತುಟಿಯ ಮೇಲೆ ಸಣ್ಣ ನಗು ಕಾಣಿಸಿತು. ನಾನು ಬಿಸಿನೀರಿನ ಕೊಡದ ಪಕ್ಕ ನಿಂತಿದ್ದೆ. ಆ ನಗು ನೋಡಿ, ಇವರು ಮಗುವಿಗಾಗಿಯೂ ಇದನ್ನು ಮಾಡಿದ್ದಾರೆ, ತಮಗಾಗಿಯೂ ಮಾಡಿದ್ದಾರೆ ಎಂದು ಅರ್ಥವಾಯಿತು.

ತಿಪ್ಪಕ್ಕ ಮೊದಲು ನಿಂತಳು. ರತ್ನವ್ವ ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಳು. ನೆರಳು ಅಲುಗಲಿಲ್ಲ. ತಿಪ್ಪಕ್ಕ ಹೆಚ್ಚು ಮಾತಾಡಲಿಲ್ಲ. "ನನಗೆ ಇನ್ನೆಷ್ಟು ವರ್ಷ ಐತಪ್ಪಾ. ಅಷ್ಟು ವರ್ಷ ನನ್ನ ಕಣ್ಣೆದುರಿಗೆ ಇರ್ಲಿ" ಎಂದಳು. ರತ್ನವ್ವ ಬಾಯಿ ತೆರೆಯುವಷ್ಟರಲ್ಲಿ ನಾನು ಇವರ ಮುಖ ನೋಡಿದೆ. ಅಷ್ಟು ಚಳಿಯಲ್ಲಿ ಹಣೆಯ ತುಂಬ ಬೆವರು. ಬಲಗೈ ಮೆಲ್ಲಗೆ ಎದ್ದು ಎಡ ದವಡೆಯನ್ನು ಒತ್ತಿ ಹಿಡಿಯಿತು. ಗಂಗಿ ಲವಂಗ ಕಚ್ಚಿದ್ದು ಆ ಕಡೆಯ ಹಲ್ಲಿನಲ್ಲೇ.

ನಾನು ಕೊಡ ಎತ್ತಿಕೊಂಡೆ. "ಏಯ್, ಮಾತು ಮುಗಿದಿಲ್ಲ!" ಎಂದು ಬೆನಕಪ್ಪ ಅಡ್ಡ ಬಂದ. ಇವರೂ ತಲೆ ಅಲ್ಲಾಡಿಸಿದರು. ಬೇಡ ಎಂದು ಕಣ್ಣಲ್ಲೇ ಹೇಳಿದರು. "ಅವರಿಗೆ ಎದೆ ನೋವು ಬಂದೈತಿ, ಬಿಡೋ ಅತ್ಲಾಗೆ!" ಎಂದು ಕಿರುಚಿದೆ. ಆ ಗಲಾಟೆಯಲ್ಲಿ ಯಾರದೋ ಕೈ ತಾಗಿ ಕೊಡ ಉರುಳಿತು, ನೀರು ಹಾಸುಗಲ್ಲಿನ ಸಂದುಗಳಲ್ಲಿ ಹರಿದುಹೋಯಿತು. ನನ್ನ ಗಂಡ ಸಾಯುತ್ತಾ ನಿಂತಿದ್ದರು, ಕಾಲೆತ್ತಿ ಒಂದು ಹೆಜ್ಜೆ ಇಡಲೂ ಆಗದೆ ತಮ್ಮದೇ ನೆರಳಿಗೆ ಅಂಟಿಕೊಂಡು. ಅಂಗಳದ ಮೂಲೆಯಲ್ಲಿ ಕಾಯಿ ಒಡೆಯುವ ಗುಂಡುಕಲ್ಲಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಅವರ ಪಾದದ ಮುಂದೆ, ನೆರಳು ಮೈಗೆ ಸೇರುವ ಕಡೆ, ಇದ್ದ ಶಕ್ತಿಯೆಲ್ಲ ಹಾಕಿ ಅಪ್ಪಳಿಸಿದೆ. ಇನ್ನೊಮ್ಮೆ ಅಪ್ಪಳಿಸಿದೆ. ಊರಿನಲ್ಲಿ ಎಂದೂ ಯಾರೂ ಕೇಳದ ಸದ್ದು ಬಂತು. ನೆರಳು ಉದ್ದಕ್ಕೂ ಸೀಳಿತು. ಇವರು ನನ್ನ ಭುಜದ ಮೇಲೆ ಬಿದ್ದರು.

ಆಮೇಲೆ ಎಲ್ಲರಿಗಿಂತ ಮೊದಲು ಓಡಿ ಬಂದವಳು ತಿಪ್ಪಕ್ಕ. ಅವಳು ಕಾಲು ಹಿಡಿದಳು, ನಾನು ತಲೆ ಹಿಡಿದೆ, ಬೆನಕಪ್ಪನ ಮಗನೇ ಜೀಪು ತಂದ. ಫೆಲ್ಸಿ ಡಾಕ್ಟರಮ್ಮ ದಾರಿಯಲ್ಲೇ ಹತ್ತಿಕೊಂಡು ಮಾತ್ರೆಯೊಂದನ್ನು ಅಗಿಯಲು ಕೊಟ್ಟು, ದೊಡ್ಡ ಆಸ್ಪತ್ರೆಯ ಊರಿಗೆ ಗಾಡಿ ಬಿಡಿಸಿದರು. ಜೀಪಿನಲ್ಲಿ ಇವರು ನನ್ನ ತೊಡೆಯ ಮೇಲೆ ತಲೆಯಿಟ್ಟು ಒಂದೇ ಮಾತು ಆಡಿದರು. "ಒಡೆದುಬಿಟ್ಯಲ್ಲೇ." ನಾನು ಹೌದು ಎಂದೆ.

ಬದುಕಿದರು. ಹೃದಯದ ಒಂದು ಭಾಗ ಸತ್ತಿದೆ, ಉಳಿದದ್ದು ಕೆಲಸ ಮಾಡುತ್ತದೆ ಎಂದು ದೊಡ್ಡ ಆಸ್ಪತ್ರೆಯವರು ಹೇಳಿದರು. ಕೆಲವು ವಾರ ಮಾತ್ರೆ ಬಿಟ್ಟದ್ದಕ್ಕೇ ಹೀಗಾಯಿತೇ ಎಂದು ಫೆಲ್ಸಿ ಡಾಕ್ಟರಮ್ಮನನ್ನು ಕೇಳಿದೆ. "ಹಾಗೆ ಬೆರಳಿಟ್ಟು ತೋರಿಸಲಿಕ್ಕೆ ಆಗುವುದಿಲ್ಲ. ಒಳಗೆ ಕೂತದ್ದು ಇಡೀ ಆಯುಷ್ಯದ್ದು. ಆದರೆ ನೀವು ಆ ಎಂಟು ತಿಂಗಳು ಇಳಿಸಿದ್ದು ದಂಡ ಅಂತ ಮಾತ್ರ ತಿಳಿಯಬೇಡಿ" ಎಂದರು. ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದೆ. ಊರಿನವರು ಬೇರೆ ಮಾತು ಆಡುತ್ತಿದ್ದರು. ಗಂಡನ ನೆರಳು ಒಡೆದವಳು ಎಂದರು. ಅವಳು ಕಲ್ಲು ಹಾಕದಿದ್ದರೆ ಅವನಿಗೆ ಏನೂ ಆಗುತ್ತಿರಲಿಲ್ಲ ಎಂದವರೂ ಇದ್ದರು. ನಾನು ನೀರು ತರಲು ಹೋದರೆ ನಲ್ಲಿಯ ಹತ್ತಿರ ಮಾತು ನಿಲ್ಲುತ್ತಿತ್ತು. ನಾನೇನು ಕಮ್ಮಿಯಿಲ್ಲ, ಕೊಡ ತುಂಬುವವರೆಗೆ ಅಲ್ಲೇ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿ ಬರುತ್ತಿದ್ದೆ.

ಅವರ ಮಾತು ನನಗೆ ತಾಗಲಿಲ್ಲ. ತಾಗಿದ್ದು ಇವರ ಮೌನ. ಊಟಕ್ಕೆ ಬಾ, ಮಾತ್ರೆ ಕೊಡು, ದಾರ ಮುಗಿದಿದೆ, ಇಷ್ಟೇ ಮಾತು. ಮಾತ್ರೆಯನ್ನು ಈಗ ತಾವೇ ಕೇಳಿ ನುಂಗುತ್ತಿದ್ದರು, ನನ್ನ ಮುಖ ನೋಡದೆ. ಆ ವ್ಯಾಜ್ಯವೂ ಬಗೆಹರಿಯಲಿಲ್ಲ, ಮತ್ತೆ ಆ ಅಂಗಳಕ್ಕೆ ಬರಲು ಇಬ್ಬರಿಗೂ ಮನಸ್ಸಾಗಲಿಲ್ಲ. ತಿಪ್ಪಕ್ಕ ರತ್ನವ್ವ ಇವತ್ತಿಗೂ ಕಿತ್ತಾಡುತ್ತಾರೆ, ಮಗು ತಿಂಗಳಿಗೊಂದು ಮನೆಯಲ್ಲಿರುತ್ತದೆ. ಸಿಮೆಂಟ್ ಅಂಗಡಿಯ ಚಂದ್ರಯ್ಯ ಎಂಬ ಹುಡುಗ ಹೊಸ ನೆರಳಪ್ಪನಾದ. ಇನ್ನೂ ಮೂವತ್ತು ದಾಟಿಲ್ಲ, ಕಣ್ಣ ರೆಪ್ಪೆಯಲ್ಲಿ ಆಗಲೇ ಹಳದಿ ಮಚ್ಚೆ. ಅವನ ಹೆಂಡತಿಯನ್ನು ಕಂಡು ಡಾಕ್ಟರಮ್ಮನ ಹತ್ತಿರ ಒಮ್ಮೆ ಕರೆದುಕೊಂಡು ಹೋಗಮ್ಮಾ ಎಂದೆ. "ಅಕ್ಕಾ, ನಿಮ್ಮ ದೃಷ್ಟಿ ನಮ್ಮ ಮನೆ ಮೇಲೆ ಬ್ಯಾಡ" ಎಂದು ಬಾಗಿಲು ಹಾಕಿಕೊಂಡಳು. ಇನ್ನೂ ಹೋಗಿ ಹೇಳುತ್ತಲೇ ಇದ್ದೇನೆ.

ಮರುವರ್ಷ ಮಾಗಿ ಬಂತು. ಇವರ ನೆರಳನ್ನು ಎತ್ತಿ ನೋಡುವ ಧೈರ್ಯ ನನಗಿರಲಿಲ್ಲ, ಅವರೂ ಹಿತ್ತಲಿಗೆ ಬರಲಿಲ್ಲ. ಒಂದು ಬೆಳಗ್ಗೆ ಎದ್ದು ನೋಡಿದರೆ ಹಾಸಿಗೆ ಖಾಲಿಯಿತ್ತು, ಮುಂಬಾಗಿಲು ತೆರೆದಿತ್ತು. ಹೊರಗೆ ಹೊತ್ತು ಮೂಡುತ್ತಿತ್ತು. ಎಲ್ಲೋ ಅಂಟಿಕೊಂಡು ನಿಂತಿದ್ದಾರೆ, ಎದೆ ನೋವು ಬಂದರೆ ಯಾರಿದ್ದಾರೆ ಎಂದು ಬರಿಗಾಲಲ್ಲೇ ಬೀದಿಗೆ ಓಡಿದೆ. ನನ್ನ ನೆರಳು ಕಟ್ಟುತ್ತಿತ್ತು, ಕಿತ್ತು ಕಿತ್ತು ಓಡಿದೆ. ಬೀದಿಯ ತಿರುವಿನಲ್ಲಿ ಅವರು ಎದುರಿಗೆ ಬರುತ್ತಿದ್ದರು, ತಲೆಗೆ ಟವೆಲು ಸುತ್ತಿಕೊಂಡು, ಕೈ ಬೀಸಿಕೊಂಡು. ಅವರ ಕಾಲಿನ ಹಿಂದೆ ಕಲ್ಲಿನ ಮೇಲೆ ಕಟ್ಟಿದ ನೆರಳಿನ ಚೂರೂ ಉಳಿಯುತ್ತಿರಲಿಲ್ಲ. ಕೆರೆಯ ಏರಿಯ ಕಡೆಯಿಂದ ಬರುತ್ತಿದ್ದರು. ಸುತ್ತ ಮಕ್ಕಳು ಓಡಾಡುತ್ತಿದ್ದರು, ಕೆಲವರು ಅವರ ಪಂಚೆ ಹಿಡಿದು ಎಳೆಯುತ್ತಿದ್ದರು.

ನನ್ನ ಹತ್ತಿರ ಬಂದು ನಿಂತರು. ಮುಖ ಚಳಿಗೆ ಕೆಂಪಾಗಿತ್ತು. ಒಂದು ವರ್ಷದ ಮೇಲೆ ಮೊದಲ ಸಲ ನನ್ನ ಕಣ್ಣನ್ನೇ ನೋಡಿದರು. "ದೇವೀರಿ, ಕೆರೆ ಮೇಲೆ ಹೊಗೆ ಎದ್ದಂಗೆ ಮಂಜು ಏಳ್ತತಲ್ಲೇ. ಕೊಕ್ಕರೆ ಎಲ್ಲ ಒಂದೇ ಸಲ ಹಾರ್ತಾವೆ. ನಾನು ಮಾಗಿಯಾಗೆ ಈ ಊರಲ್ಲಿ ಬೆಳಗಾಗೋದು ನೋಡೇ ಇರಲಿಲ್ಲ ಕಣೇ. ಕೂಸಾಗಿದ್ದಾಗ ನೋಡಿದ್ದು ಅಷ್ಟೇ" ಎಂದರು.

"ಅಣ್ಣ ನೋಡ್ಲಿಲ್ಲ. ಗಂಗಿ ನೋಡ್ಲೇ ಇಲ್ಲ" ಎಂದು, ಬೀದಿಯ ನಟ್ಟನಡುವೆ, ಮಕ್ಕಳ ಮುಂದೆ, ನನ್ನ ಕೈ ಹಿಡಿದುಕೊಂಡು ಅತ್ತರು.